ಗಂಜ್‌ನಿಂದ ಕಪನೂರಿಗೆ ಏಜೆಂಟ್ ಕಳಿಸುವ ಕೆಲಸ ಎಲ್ಲಿಗೆ ಬಂತು

ಏಜೆಂಟ್ ಈಗ ಮೂರೂ ಕಂಪ್ಯೂಟರ್ ಸುತ್ತಿ ಮನೆಗೆ ವಾಪಸ್ ಬರುತ್ತಿದೆ. ದಾರಿಯಲ್ಲಿ ಕರೆಂಟ್ ಹೋದರೂ ಬರುತ್ತಿದೆ. ಈ ಸಲದ ಸುದ್ದಿ ಅದೇ.

ಮೊದಲ ಸಲ ಓದುವವರಿಗೆ: ಮನೆಯಲ್ಲಿ ಒಂದು ರಾಸ್ಪ್‌ಬೆರಿ ಪೈ (ಅಂಗೈಯಗಲದ ಪುಟ್ಟ ಕಂಪ್ಯೂಟರ್), ಕಲಬುರಗಿ ಗಂಜ್‌ನಲ್ಲಿ ಮಾವನ ಅಡತಿ ಅಂಗಡಿಯ ಹಳೇ ಡೆಸ್ಕ್‌ಟಾಪ್, ಕಪನೂರಿನಲ್ಲಿ ಗೆಳೆಯನ ದಾಲ್ ಮಿಲ್‌ನ ತೂಕದ ಕಂಪ್ಯೂಟರ್. ಏಜೆಂಟ್ ಅಂದ್ರೆ ಒಂದು ಚಿಕ್ಕ ಪೈಥಾನ್ ಪ್ರೋಗ್ರಾಂ. ಮೊದಲು ಗಂಜ್‌ಗೆ ಹೋಗಿ ಅವತ್ತಿನ ತೊಗರಿ ತೂಕದ ಚೀಟಿಗಳನ್ನು ಎತ್ತಿಕೊಳ್ಳುತ್ತದೆ. ಆಮೇಲೆ ಮಿಲ್‌ಗೆ ಹೋಗಿ ಅಲ್ಲಿನ ತೂಕದ ಜೊತೆ ತಾಳೆ ನೋಡಿ, ಹೊಂದದ ಸಾಲುಗಳನ್ನಷ್ಟೇ ಮನೆಗೆ ತರುತ್ತದೆ. ಮಿಲ್‌ನ ನೆಟ್ ಒಂದು ಡಾಂಗಲ್ ಮೇಲೆ ನಡೆಯುತ್ತದೆ. ಅದರಲ್ಲಿ ಇಡೀ ಫೈಲ್ ಎಳೆಯುವುದಕ್ಕಿಂತ ಹುಡುಕುವ ಕೋಡನ್ನೇ ಅಲ್ಲಿಗೆ ಕಳಿಸುವುದು ವಾಸಿ. ಎಸ್‌ಎಸ್‌ಎಚ್ ಮೇಲೆ, ಅಂದ್ರೆ ದೂರದ ಕಂಪ್ಯೂಟರಿಗೆ ಇಲ್ಲಿಂದಲೇ ಲಾಗಿನ್ ಆಗಿ, ಒಂದು ಸ್ಕ್ರಿಪ್ಟ್ ಓಡಿಸಿದರೆ ಸಾಕಲ್ವಾ ಅಂತ ಕೇಳಬಹುದು. ಸಾಕು. ಇದು ನನ್ನ ಹುಚ್ಚು, ಅಷ್ಟೇ.

ಹುಚ್ಚು ಹೊಸದೇನಲ್ಲ. 1990ರ ದಶಕದಲ್ಲಿ ಜನರಲ್ ಮ್ಯಾಜಿಕ್ ಕಂಪನಿ ಟೆಲಿಸ್ಕ್ರಿಪ್ಟ್ ಅಂತ ಒಂದು ಭಾಷೆಯನ್ನೇ ಇದಕ್ಕಾಗಿ ಮಾಡಿತ್ತು. ಅದರಲ್ಲಿ 'ಗೋ' ಅಂದರೆ ಸಾಕು, ಪ್ರೋಗ್ರಾಂ ನಿಂತ ಸಾಲಿನಿಂದಲೇ ಇನ್ನೊಂದು ಕಡೆ ಮುಂದುವರಿಯುತ್ತಿತ್ತು. ಐಬಿಎಂ ಜಾವಾ ಭಾಷೆಯಲ್ಲಿ ಮಾಡಿದ ಆಗ್ಲೆಟ್ಸ್ ಅನ್ನುವ ಇಂಥದೇ ಏಜೆಂಟ್‌ಗಳಿಗೆ ಅದು ಆಗಲಿಲ್ಲ. ಓಡುತ್ತಿರುವ ಥ್ರೆಡ್ಡಿನ ಸ್ಟ್ಯಾಕನ್ನು, ಅಂದ್ರೆ ಪ್ರೋಗ್ರಾಂ ಎಲ್ಲಿ ನಿಂತಿದೆ ಅನ್ನುವ ಲೆಕ್ಕವನ್ನು, ಹೊರಗೆ ತೆಗೆಯಲು ಜಾವಾ ಬಿಡುವುದಿಲ್ಲ. ಹಾಗಾಗಿ ಡೇಟಾ ಮಾತ್ರ ಸಾಗಿಸಿ, ತಲುಪಿದ ಮೇಲೆ ಒಂದು ಗೊತ್ತಾದ ಫಂಕ್ಷನ್ನಿನಿಂದ ಶುರು ಮಾಡುತ್ತಿದ್ದರು. ನಾನೂ ಅದೇ ದಾರಿ ಹಿಡಿದಿದ್ದೇನೆ. 'ಮುಂದಿನ ಹೆಜ್ಜೆ' ಅಂತ ಒಂದು ಕಾಲಂ, ಉಳಿದ ಸ್ಥಿತಿಯೆಲ್ಲ ಜೇಸನ್ (ಡೇಟಾವನ್ನು ಸಾದಾ ಅಕ್ಷರಗಳಲ್ಲಿ ಬರೆದಿಡುವ ರೀತಿ). ಡೇಟಾ ಕಟ್ಟಿಡಲು ಪೈಥಾನ್‌ನದೇ ಆದ ಪಿಕಲ್ ಬೇಡ ಅಂದುಕೊಂಡೆ. ಯಾರೋ ಕಳಿಸಿದ ಪಿಕಲ್ ಬಿಚ್ಚುವಾಗಲೇ ಅದರೊಳಗಿನ ಕೋಡ್ ಓಡಿಬಿಡಬಹುದು.

ನಿಜವಾದ ತಲೆನೋವು ಸಾಗಿಸುವುದರಲ್ಲಿಲ್ಲ, ಅರ್ಧ ಸಾಗಿದಾಗ ಏನು ಅನ್ನುವುದರಲ್ಲಿದೆ. ಗಂಜ್ ಏಜೆಂಟನ್ನು ಕಳಿಸಿತು, ಮಿಲ್‌ನಿಂದ 'ಮುಟ್ಟಿತು' ಅನ್ನುವ ಉತ್ತರ ಬರಲಿಲ್ಲ. ಏಜೆಂಟ್ ಮುಟ್ಟಲಿಲ್ಲವೋ, ಉತ್ತರ ಮುಟ್ಟಲಿಲ್ಲವೋ? ಗಂಜ್‌ಗೆ ಗೊತ್ತಾಗುವುದಿಲ್ಲ. ತನ್ನ ಪ್ರತಿ ಅಳಿಸಿದರೆ ಏಜೆಂಟ್ ಕಳೆದುಹೋಗಬಹುದು. ಮತ್ತೆ ಓಡಿಸಿದರೆ ಎರಡಾಗಬಹುದು.

ಈಗ ಮಾಡಿರುವುದು ಇದು. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗುವ ಪ್ರತಿ ಜಿಗಿತಕ್ಕೂ ಒಂದು ನಂಬರು. ಕಳಿಸುವವನು ತನ್ನ ಪ್ರತಿಯನ್ನು 'ಹೊರಟಿದೆ' ಅಂತ ಗುರುತು ಮಾಡಿ ಇಟ್ಟುಕೊಳ್ಳುತ್ತಾನೆ, ಓಡಿಸುವುದಿಲ್ಲ. ಉತ್ತರ ಬರುವ ತನಕ ಅದನ್ನೇ ಮತ್ತೆ ಮತ್ತೆ ಕಳಿಸುತ್ತಾನೆ, ಬಂದ ಮೇಲೆ ಅಳಿಸುತ್ತಾನೆ. ಪಡೆಯುವವನು ಏಜೆಂಟಿನ ಗುರುತು ಮತ್ತು ಜಿಗಿತದ ನಂಬರನ್ನು ಎಸ್‌ಕ್ಯೂಲೈಟ್ ಅನ್ನುವ ಚಿಕ್ಕ ಡೇಟಾಬೇಸಿನಲ್ಲಿ ಬರೆದ ಮೇಲಷ್ಟೇ ಉತ್ತರ ಕೊಡುತ್ತಾನೆ. ಅದೇ ನಂಬರು ಇನ್ನೊಮ್ಮೆ ಬಂದರೆ 'ಆಗಲೇ ಮುಟ್ಟಿದೆ' ಅಂತ ಹೇಳಿ ಸುಮ್ನೆ ಕೂರುತ್ತಾನೆ.

ಇಲ್ಲೊಂದು ಸೂಕ್ಷ್ಮ ಇದೆ. ಎಸ್‌ಕ್ಯೂಲೈಟನ್ನು ವಾಲ್ ಮೋಡ್‌ನಲ್ಲಿಟ್ಟು (ಬದಲಾವಣೆಗಳನ್ನು ಮೊದಲು ಒಂದು ಬೇರೆ ಫೈಲಿಗೆ ಬರೆಯುವ ರೀತಿ) ಸಿಂಕ್ರೊನಸ್ ಅನ್ನುವ ಸೆಟ್ಟಿಂಗನ್ನು 'ನಾರ್ಮಲ್' ಮಾಡಿದರೆ ವೇಗ ಜಾಸ್ತಿ. ಆದರೆ ಕರೆಂಟ್ ಹೋದಾಗ ಕೊನೆಯ ಕೆಲವು ಕಮಿಟ್‌ಗಳು, ಅಂದ್ರೆ ಬರೆದು ಮುಗಿಸಿದ ಬದಲಾವಣೆಗಳು, ಮಾಯವಾಗಬಹುದು. ಡೇಟಾಬೇಸ್ ಕೆಡುವುದಿಲ್ಲ, ಬರೆದದ್ದು ಮಾತ್ರ ಇರುವುದಿಲ್ಲ. 'ಮುಟ್ಟಿತು' ಅಂದ ಮೇಲೆ ಹಾಗಾದರೆ ಏಜೆಂಟ್ ಎರಡೂ ಕಡೆ ಇಲ್ಲ! ಅದಕ್ಕೇ ಪ್ರತಿ ಕಮಿಟ್ಟೂ ಡಿಸ್ಕಿಗೆ ಮುಟ್ಟುವ ತನಕ ಕಾಯುವ 'ಫುಲ್' ಇಟ್ಟಿದ್ದೇನೆ. ದಿನಕ್ಕೆ ನಾಲ್ಕಾರು ಜಿಗಿತಕ್ಕೆ ವೇಗ ಯಾರಿಗೆ ಬೇಕು?

ಪರೀಕ್ಷೆಗೆ ಮಿಲ್‌ನಷ್ಟು ಒಳ್ಳೆ ಜಾಗ ಇನ್ನೊಂದಿಲ್ಲ. ರೋಲರ್ ಮೋಟಾರ್ ಶುರುವಾದಾಗ ವೋಲ್ಟೇಜ್ ಕುಸಿಯುತ್ತದೆ, ಯುಪಿಎಸ್ ಬ್ಯಾಟರಿ ಸತ್ತಿದೆ, ಕಂಪ್ಯೂಟರ್ ತಾನಾಗೇ ರೀಸ್ಟಾರ್ಟ್ ಆಗುತ್ತದೆ. ಇನ್ನೂ ಬೇಕೆನಿಸಿದಾಗ ನಾನೇ ವೈರ್ ಕಿತ್ತೆ. ಮುನೀಮ್ ಕಾಕಾ ಒಮ್ಮೆ ನೋಡಿ, "ಏನ್ರಿ, ರಿಪೇರಿ ಮಾಡ್ಲಿಕ್ ಬಂದೀರೋ ಕೆಡಿಸ್ಲಿಕ್ ಬಂದೀರೋ?" ಅಂದರು. ಎರಡೂ, ಕಾಕಾ.

ಹೆಜ್ಜೆಯ ನಡುವೆ ಕರೆಂಟ್ ಹೋದರೆ ಆ ಹೆಜ್ಜೆ ಮೊದಲಿನಿಂದ ಓಡುತ್ತದೆ. ಓದಿ ತಾಳೆ ನೋಡುವ ಕೆಲಸಕ್ಕೆ ಅದರಿಂದ ತೊಂದರೆ ಇಲ್ಲ. ಮೆಸೇಜ್ ಕಳಿಸುವ ಹೆಜ್ಜೆಗೆ ಇದೆ, ಒಂದೇ ಮೆಸೇಜ್ ಎರಡು ಸಲ ಹೋಗಬಹುದು, ಅದಕ್ಕೇ ಮೆಸೇಜ್ ಕಳಿಸುವುದನ್ನು ಮನೆಯ ಪೈಗೆ ಬಿಟ್ಟಿದ್ದೇನೆ.

ಉಳಿದಿರುವುದು ಕೋಡ್ ಬದಲಾಯಿಸುವುದು. ಹಳೇ ಏಜೆಂಟ್ ಮಿಲ್‌ನಲ್ಲಿರುವಾಗ ಹೊಸ ಕೋಡ್ ಹಾಕಿದರೆ ಅದರ ಜೇಸನ್ ಯಾರು ಅರ್ಥ ಮಾಡಿಕೊಳ್ಳಬೇಕು? ಪ್ರತಿ ಏಜೆಂಟ್ ತನ್ನ ಕೋಡಿನ ಹ್ಯಾಶ್ (ಕೋಡಿನಿಂದಲೇ ಲೆಕ್ಕ ಹಾಕಿದ ಗುರುತು, ಕೋಡ್ ಬದಲಾದರೆ ಅದೂ ಬದಲಾಗುತ್ತದೆ) ಹೊತ್ತುಕೊಂಡು ಹೋಗುವ ಹಾಗೆ ಬರೆಯುತ್ತಿದ್ದೇನೆ. ಆ ಹ್ಯಾಶಿನ ಕೋಡ್ ಅಲ್ಲಿ ಇಲ್ಲದಿದ್ದರೆ ಮಾತ್ರ ಕೇಳಿ ತರಿಸಿಕೊಳ್ಳುವುದು. ಅದು ಮುಗಿಯುವ ತನಕ, ಎಲ್ಲ ಏಜೆಂಟ್ ಮನೆಗೆ ಬಂದ ಮೇಲೆ ರಾತ್ರಿ ಕೂತು ಹೊಸದು ಹಾಕುತ್ತಿದ್ದೇನೆ.