ಚುಕ್ಕೆ ಹಸಿರಲ್ಲೇ ಇತ್ತು, ಗೆರೆ ಮಲಗಿತ್ತು

ನಾನು ಅಂಗನವಾಡಿ ಕಾರ್ಯಕರ್ತೆ. ಪ್ರತಿ ತಿಂಗಳು ಮಕ್ಕಳ ತೂಕ ನೋಡಿ ಬೆಳವಣಿಗೆ ಚಾರ್ಟ್ ತುಂಬುತ್ತೇನೆ. ಚಾರ್ಟಿನ ಕೆಳಗೆ ಅಡ್ಡಕ್ಕೆ ವಯಸ್ಸು, ಎಡಗಡೆ ಮೇಲಕ್ಕೆ ತೂಕ. ಹಸಿರು ಪಟ್ಟಿ ಅಂದರೆ ಸರಿಯಾದ ತೂಕ, ಹಳದಿ ಅಂದರೆ ಕಡಿಮೆ, ಕಿತ್ತಳೆ ಅಂದರೆ ತೀರಾ ಕಡಿಮೆ. ಹೊಸದರಲ್ಲಿ ನಾನು ಬಣ್ಣ ಮಾತ್ರ ನೋಡುತ್ತಿದ್ದೆ.

ಒಂದು ಹೆಣ್ಣು ಮಗು. ಆರು ತಿಂಗಳಿಗೆ 7 ಕೆ.ಜಿ. ಇತ್ತು. ಏಳಕ್ಕೆ 7.1. ಎಂಟಕ್ಕೂ ಅಷ್ಟೇ, ಒಂಬತ್ತಕ್ಕೂ ಅಷ್ಟೇ. ಪ್ರತಿ ಸಲ ಚುಕ್ಕೆ ಹಸಿರಲ್ಲೇ ಬಿತ್ತು. "ಚೆನ್ನಾಗಿದೆಯಮ್ಮ" ಅಂತ ಹೇಳಿ ಕಳಿಸಿದೆ.

ಆ ತಿಂಗಳು ಮೇಲ್ವಿಚಾರಕಿ ಮೇಡಂ ಬಂದಿದ್ದರು. ಚಾರ್ಟ್ ತೆಗೆದು, ನಾನು ಇಟ್ಟಿದ್ದ ಚುಕ್ಕೆಗಳನ್ನು ಪೆನ್ಸಿಲ್‌ನಿಂದ ಒಂದೊಂದಾಗಿ ಜೋಡಿಸಿದರು. ಹುಟ್ಟಿದಾಗಿನಿಂದ ಏರುತ್ತಾ ಬಂದ ಗೆರೆ ಆರನೇ ತಿಂಗಳಾದ ಮೇಲೆ ಮಲಗಿಬಿಟ್ಟಿತ್ತು. ಅದರ ಮೇಲೆ ಅಚ್ಚಾಗಿದ್ದ ಗೆರೆ ಮಾತ್ರ ಏರುತ್ತಲೇ ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಹೆಣ್ಣು ಮಗುವಿನ ನಡುಮಟ್ಟದ ತೂಕ ಆರನೇ ತಿಂಗಳಲ್ಲಿ 7.3, ಒಂಬತ್ತರಲ್ಲಿ 8.2 ಕೆ.ಜಿ. ನಮ್ಮ ಮಗು ಮೂರು ತಿಂಗಳಲ್ಲಿ ಏರಿದ್ದು ಬರೀ ನೂರು ಗ್ರಾಂ.

"ಚುಕ್ಕೆ ಇವತ್ತಿನ ತೂಕ ಹೇಳುತ್ತೆ. ಮಗು ಬೆಳೀತಿದೆಯಾ ಅಂತ ಗೆರೆ ನೋಡಿದ್ರೇ ಗೊತ್ತಾಗೋದು" ಅಂದರು ಮೇಡಂ. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಮೂರು ಸಲ ಆ ಮಗುವನ್ನು ನಾನೇ ಎತ್ತಿ ತೂಕ ಮಾಡಿದ್ದೆ.

ಅವತ್ತೇ ಸಂಜೆ ಮನೆಗೆ ಹೋದೆ. ಏಳನೇ ತಿಂಗಳಲ್ಲಿ ಮಗುವಿಗೆ ಭೇದಿ ಆಗಿತ್ತು. ಗಟ್ಟಿ ಊಟ ಅರಗಲ್ಲ ಅಂತ ಅಜ್ಜಿ ಹೆದರಿದ್ದರು. ಅಲ್ಲಿಂದ ಬರೀ ತಿಳಿ ಗಂಜಿ, ಬೇಳೆಕಟ್ಟಿನ ನೀರು. ಹೊಟ್ಟೆ ತುಂಬುತ್ತಿತ್ತು, ಮೈಗೆ ಹತ್ತುತ್ತಿರಲಿಲ್ಲ. ಚಮಚ ಓರೆ ಮಾಡಿದರೂ ಜಾರದಷ್ಟು ಗಟ್ಟಿಯಾಗಿ ರಾಗಿ ಸರಿ ಮಾಡಿ ತೋರಿಸಿದೆ. ನುರಿದ ಅನ್ನ ಬೇಳೆಗೆ ಒಂದು ಚಮಚ ತುಪ್ಪ ಹಾಕಿ, ಎದೆಹಾಲು ನಿಲ್ಲಿಸಬೇಡಿ ಅಂದೆ. ಡಾಕ್ಟರಿಗೂ ತೋರಿಸಿದೆವು.

ಗೆರೆ ಎಳೆಯಲು ಶುರು ಮಾಡಿದ ಮೇಲೆ ನನ್ನ ಇನ್ನೊಂದು ತಪ್ಪೂ ಕಂಡಿತು. ಮಗು ಅಜ್ಜಿ ಮನೆಗೆ ಹೋಗಿ ಎರಡು ತಿಂಗಳು ತಪ್ಪಿಸಿಕೊಂಡರೆ, ಬಂದಾಗಿನ ತೂಕವನ್ನು ನಾನು ಹಳೇ ಚುಕ್ಕೆಯ ಪಕ್ಕದ ತಿಂಗಳಿಗೇ ಹಾಕುತ್ತಿದ್ದೆ. ಮೂರು ತಿಂಗಳ ಏರಿಕೆ ಒಂದೇ ತಿಂಗಳಲ್ಲಿ ಆದ ಹಾಗೆ ಗೆರೆ ನೆಟ್ಟಗೆ ನಿಲ್ಲುತ್ತಿತ್ತು. ಕುಂಟುತ್ತಿರುವ ಮಗುವೂ ಓಡುತ್ತಿರುವಂತೆ ಕಾಣುತ್ತಿತ್ತು. ತಪ್ಪಿದ ತಿಂಗಳುಗಳ ಜಾಗ ಖಾಲಿ ಬಿಡಲೇಬೇಕು. ಗೆರೆ ಇದ್ದಕ್ಕಿದ್ದಂತೆ ಕುಸಿದರೆ ಮೊದಲು ತಕ್ಕಡಿ ಸೊನ್ನೆಯಲ್ಲಿದೆಯಾ ನೋಡಿ, ಮತ್ತೊಮ್ಮೆ ತೂಕ ಮಾಡುತ್ತೇನೆ. ಸ್ವೆಟರ್ ಹಾಕಿದ್ದು, ಬಿಚ್ಚಿದ್ದು ಕೂಡ ಗೆರೆ ಬದಲಿಸುತ್ತೆ.

ಈಗ ಮೊಬೈಲಿನ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲೂ ತೂಕ ಹಾಕುತ್ತೇವೆ. ಆದರೂ ತಾಯಿ ಕಾರ್ಡಿನ ಚಾರ್ಟಿನಲ್ಲಿ ಅಮ್ಮನ ಎದುರಿಗೇ ಪೆನ್ಸಿಲ್ ಗೆರೆ ಎಳೆಯುವುದನ್ನು ನಾನು ಬಿಟ್ಟಿಲ್ಲ. ಹನ್ನೊಂದನೇ ತಿಂಗಳಲ್ಲಿ ಆ ಮಗು 7.7 ಕೆ.ಜಿ. ತೂಗಿತು. ಓದು ಬಾರದ ಅಜ್ಜಿ ಗೆರೆಯ ಮೇಲೆ ಬೆರಳಾಡಿಸಿ ಕೇಳಿದರು: "ಟೀಚರಮ್ಮ, ಇಲ್ಲಿಂದ ಎದ್ದೈತೆ ಅಲ್ವಾ?"