ಉದ್ಯಾನದಿಂದ ಉದ್ಯಾನಕ್ಕೆ: ಸೈಕಲ್ ಮೇಲೆ ಗಿಡಗಳ ಹುಡುಕಾಟ

ಒಂದೇ ಬೆಳಿಗ್ಗೆ ಒಂದೇ ಜಾತಿಯ ಗಿಡವನ್ನು ಮೂರು ನಾಲ್ಕು ಉದ್ಯಾನಗಳಲ್ಲಿ ನೋಡಿದರೆ ಅದರ ವಿಷಯವಾಗಿ ತಿಳಿಯುವಷ್ಟು, ಒಂದೇ ಉದ್ಯಾನದಲ್ಲಿ ಹತ್ತಾರು ಜಾತಿಗಳನ್ನು ನೋಡುತ್ತ ಸುತ್ತಿದರೆ ತಿಳಿಯುವುದಿಲ್ಲ ಎಂದು ನಾನು ನಂಬಿದ್ದೇನೆ. ಈ ಕೆಲಸಕ್ಕೆ ಸೈಕಲ್‌ಗಿಂತ ಒಳ್ಳೆಯ ವಾಹನವಿಲ್ಲ. ಬಡಾವಣೆಗಳ ಉದ್ಯಾನಗಳ ನಡುವೆ ಹೆಚ್ಚಾಗಿ ಒಂದೆರಡು ಕಿಲೋಮೀಟರ್ ಅಂತರವಿರುತ್ತದೆ. ನಡೆದು ಹೊರಟರೆ ಮೂರನೆಯದನ್ನು ತಲುಪುವ ಹೊತ್ತಿಗೆ ಬಿಸಿಲೇರಿ ಚಿತ್ರಕ್ಕೆ ಒಗ್ಗುವ ಬೆಳಕು ಕಳೆದುಹೋಗಿರುತ್ತದೆ. ಕಾರಿನಲ್ಲಿ ಹೋದರೆ ನಡುವಿನ ದಾರಿಯಲ್ಲಿ ಬೆಳೆದದ್ದೇನೂ ಕಣ್ಣಿಗೆ ಬೀಳುವುದಿಲ್ಲ. ಗಂಟೆಗೆ 12 ಕಿಲೋಮೀಟರ್ ವೇಗದಲ್ಲಿ ಸಾವಧಾನವಾಗಿ ಪೆಡಲ್ ತುಳಿಯುತ್ತ ಹೋದರೆ ಗೋಡೆಯ ಬುಡದಲ್ಲಿ ಅರಳಿರುವ ಪುಟ್ಟ ಹೂವೂ ಕಾಣುತ್ತದೆ, ಕಂಡ ಕೂಡಲೇ ಒಂದು ಕಾಲನ್ನು ನೆಲಕ್ಕೂರಿ ನಿಲ್ಲುವುದಕ್ಕೂ ಆಗುತ್ತದೆ.

ಉದಾಹರಣೆಗೆ ಟ್ರೈಡ್ಯಾಕ್ಸ್ ಪ್ರೊಕಂಬೆನ್ಸ್ ಎಂಬ ಕಳೆಗಿಡವನ್ನೇ ತೆಗೆದುಕೊಳ್ಳೋಣ. ಅಮೆರಿಕ ಖಂಡದ ಉಷ್ಣವಲಯದಿಂದ ಹೊರಟು ಜಗತ್ತಿನ ಬಿಸಿ ನಾಡುಗಳಲ್ಲೆಲ್ಲ ನೆಲೆಯೂರಿರುವ ಈ ಗಿಡವನ್ನು ಹೆಚ್ಚಿನವರು ತುಳಿದುಕೊಂಡೇ ಹೋಗುತ್ತಾರೆ. ನಾನು ಸುತ್ತುವ ಉದ್ಯಾನಗಳ ಪೈಕಿ ಒಂದರಲ್ಲಿ ಹುಲ್ಲನ್ನು ಯಂತ್ರದಿಂದ ಆಗಾಗ ಕತ್ತರಿಸುತ್ತಾರೆ. ಅಲ್ಲಿ ಈ ಗಿಡದ ಕಾಂಡ ನೆಲಕ್ಕೆ ಅಂಟಿಕೊಂಡು ಹರಿದು, ಗೆಣ್ಣುಗಳಲ್ಲಿ ಬೇರು ಬಿಟ್ಟು, ಎಲೆಗಳನ್ನು ಚಿಕ್ಕದಾಗಿಸಿಕೊಂಡು, ಕತ್ತರಿಯ ಅಲಗು ತಾಗದ ಎತ್ತರದಲ್ಲೇ ಬದುಕುತ್ತದೆ. ಇನ್ನೊಂದು ಉದ್ಯಾನದಲ್ಲಿ ಯಾರೂ ಕೈಹಾಕದ ಬೇಲಿಯಂಚಿನಲ್ಲಿ ಅದೇ ಗಿಡ ಪಕ್ಕದ ಪೊದೆಗೆ ಒರಗಿ ಮೇಲೇಳುತ್ತದೆ, ಉದ್ದನೆಯ ಹೂದಂಟಿನ ತುದಿಯಲ್ಲಿ ಒಂದೊಂದೇ ಹೂವನ್ನು ಎತ್ತಿ ಹಿಡಿಯುತ್ತದೆ. ಮೊದಲ ಸಲ ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡುವವರು ಇವು ಬೇರೆ ಬೇರೆ ಗಿಡಗಳೆಂದೇ ಹೇಳಿಯಾರು.

ಹೂವನ್ನು ಹತ್ತಿರದಿಂದ ನೋಡಿದಾಗ ಆ ಅನುಮಾನ ಉಳಿಯುವುದಿಲ್ಲ. ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬದ ಗಿಡವಾದ್ದರಿಂದ ನಾವು ಒಂದು ಹೂವೆಂದು ಕರೆಯುವುದು ವಾಸ್ತವದಲ್ಲಿ ಹಲವಾರು ಕಿರುಹೂಗಳ ಗೊಂಚಲು. ಅಂಚಿನಲ್ಲಿ ಸುಮಾರು ಐದು ಕೆನೆಬಣ್ಣದ ಕಿರುಹೂಗಳಿರುತ್ತವೆ. ಪ್ರತಿಯೊಂದರ ತುದಿಯೂ ಮೂರು ಹಲ್ಲುಗಳಾಗಿ ಸೀಳಿರುತ್ತದೆ. ನಡುವಿನ ಹಳದಿ ತಟ್ಟೆಯಲ್ಲಿ ಒತ್ತೊತ್ತಾಗಿ ನಿಂತಿರುವ ಕೊಳವೆಗಳೂ ಬಿಡಿ ಬಿಡಿ ಹೂಗಳೇ, ಮತ್ತು ಅವು ಹೊರಗಿನ ಸುತ್ತಿನಿಂದ ಒಳಕ್ಕೆ ಕ್ರಮವಾಗಿ ಅರಳುತ್ತವೆ. ಎರಡು ಉದ್ಯಾನಗಳ ಗಿಡಗಳಲ್ಲೂ ಈ ರಚನೆ ಕೂದಲೆಳೆಯಷ್ಟೂ ಬದಲಾಗಿರುವುದಿಲ್ಲ. ಯಾವುದು ಜಾತಿಯ ಗುರುತು, ಯಾವುದು ಜಾಗದ ಪ್ರಭಾವ ಎಂಬುದನ್ನು ಬೇರ್ಪಡಿಸಿ ನೋಡುವ ಕಣ್ಣು ಬರುವುದು ಇಂಥ ಹೋಲಿಕೆಯಿಂದಲೇ.

ಈ ಪ್ರಶ್ನೆಯನ್ನು ಸಸ್ಯವಿಜ್ಞಾನಿಗಳು ಎಷ್ಟು ಶ್ರದ್ಧೆಯಿಂದ ಬೆನ್ನಟ್ಟಿದ್ದಾರೆ ಎಂಬುದನ್ನು ಇಲ್ಲಿ ನೆನೆಯಬೇಕು. ಜೆನ್ಸ್ ಕ್ಲಾಸೆನ್, ಡೇವಿಡ್ ಕೆಕ್ ಮತ್ತು ವಿಲಿಯಂ ಹೀಸಿ ಕ್ಯಾಲಿಫೋರ್ನಿಯದಲ್ಲಿ ಒಂದೇ ಗಿಡವನ್ನು ತುಂಡುಗಳಾಗಿ ಬಿಡಿಸಿ, ಕಡಲ ಮಟ್ಟಕ್ಕೆ ಸಮೀಪದಲ್ಲಿ, ಸುಮಾರು 1,400 ಮೀಟರ್ ಎತ್ತರದಲ್ಲಿ ಮತ್ತು ಸುಮಾರು 3,000 ಮೀಟರ್ ಎತ್ತರದಲ್ಲಿ ನೆಟ್ಟು ಬೆಳೆಸಿ, 1940ರಲ್ಲಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ಒಂದೇ ಗಿಡದ ತುಂಡುಗಳು ಮೂರು ಕಡೆಯೂ ಬೇರೆ ಬೇರೆ ಎತ್ತರಕ್ಕೆ ಬೆಳೆದವು. ಹಾಗೆಯೇ ಬೇರೆ ಬೇರೆ ಎತ್ತರಗಳಿಂದ ತಂದ ಅದೇ ಜಾತಿಯ ಗಿಡಗಳು ಒಂದೇ ತೋಟದಲ್ಲಿ ಬೆಳೆದಾಗಲೂ ತಮ್ಮ ವ್ಯತ್ಯಾಸಗಳನ್ನು ಉಳಿಸಿಕೊಂಡವು. ಅಂದರೆ ಸ್ಥಳದ ಪ್ರಭಾವವೂ ನಿಜ, ಹುಟ್ಟುಗುಣವೂ ನಿಜ. ನನ್ನ ಚಿತ್ರಗಳು ಇವೆರಡರಲ್ಲಿ ಯಾವುದು ಎಷ್ಟೆಂದು ತೀರ್ಮಾನಿಸಲಾರವು, ಆದರೆ ಪ್ರಶ್ನೆಯನ್ನು ಕಣ್ಣೆದುರಿಗೆ ತಂದು ನಿಲ್ಲಿಸುತ್ತವೆ.

ಹೋಲಿಸಬೇಕಾದರೆ ಚಿತ್ರಗಳನ್ನು ಪ್ರತಿ ಸಲವೂ ಒಂದೇ ಕ್ರಮದಲ್ಲಿ ತೆಗೆಯಬೇಕು. ಮೊದಲು ಇಡೀ ಗಿಡ ಮತ್ತು ಅದು ನಿಂತ ಜಾಗ, ಆಮೇಲೆ ಎಲೆ ಕಾಂಡಕ್ಕೆ ಸೇರುವ ಗೆಣ್ಣು, ಎಲೆಯ ಮೇಲ್ಮೈ, ಎಲೆಯ ಅಡಿಭಾಗ, ಹೂವಿನ ಎದುರು ನೋಟ, ಹೂವಿನ ಪಕ್ಕದ ನೋಟ, ಕಾಯಿ ಇದ್ದರೆ ಕಾಯಿ. ಹೂವಿನ ಮುಖವೊಂದನ್ನೇ ಅಂದವಾಗಿ ತೆಗೆದು ತೃಪ್ತರಾಗುವವರು ಬಹಳ ಮಂದಿ ಇದ್ದಾರೆ. ಗಿಡವನ್ನು ಗುರುತಿಸುವವರಿಗೆ ಅದು ಸಾಲುವುದಿಲ್ಲ, ಏಕೆಂದರೆ ಎಲೆಗಳು ಎದುರುಬದುರಾಗಿವೆಯೋ ಒಂದಾದ ಮೇಲೊಂದರಂತೆ ಇವೆಯೋ, ಕಾಂಡ ದುಂಡಗಿದೆಯೋ ತುಳಸಿಯ ಹಾಗೆ ಚೌಕವಾಗಿದೆಯೋ, ಹೂವಿನ ಕೆಳಗಿನ ಹಸಿರು ಪುಷ್ಪಪಾತ್ರೆ ಹೇಗಿದೆ ಎಂಬುದೆಲ್ಲ ಪಕ್ಕದಿಂದಷ್ಟೇ ಕಾಣುತ್ತದೆ. ನೋಡಿದ್ದು ಬಿಡಿ ಎಲೆಯೋ ಅಥವಾ ಸಂಯುಕ್ತ ಎಲೆಯ ಒಂದು ಕಿರುಎಲೆಯೋ ಎಂಬ ಗೊಂದಲವನ್ನೂ ಗೆಣ್ಣಿನ ಚಿತ್ರ ಪರಿಹರಿಸುತ್ತದೆ: ಮೊಗ್ಗು ಮೂಡುವುದು ಎಲೆಯ ಕಂಕುಳಲ್ಲೇ ಹೊರತು ಕಿರುಎಲೆಯ ಕಂಕುಳಲ್ಲಿ ಅಲ್ಲ. ಅಳತೆಯ ಅಂದಾಜಿಗಾಗಿ ಒಂದು ಚಿತ್ರದಲ್ಲಾದರೂ ಬೆರಳಿನ ತುದಿ ಇರಲಿ.

ಹಲವು ಫೋನುಗಳ ಮುಖ್ಯ ಮಸೂರ ಸುಮಾರು 10 ಸೆಂಟಿಮೀಟರ್‌ಗಿಂತ ಹತ್ತಿರದ ವಸ್ತುವನ್ನು ಸ್ಪಷ್ಟವಾಗಿ ಹಿಡಿಯುವುದಿಲ್ಲ. ಇನ್ನೂ ಹತ್ತಿರ ಒಯ್ಯುವುದಕ್ಕಿಂತ ಒಂದಿಷ್ಟು ಹಿಂದೆ ಸರಿದು ತೆಗೆದು, ಬೇಡದ ಅಂಚನ್ನು ಆಮೇಲೆ ಕತ್ತರಿಸುವುದು ಮೇಲು. ತೆಳ್ಳನೆಯ ಹೂವನ್ನು ಬಿಟ್ಟು ಹಿಂದಿನ ಹುಲ್ಲಿನ ಮೇಲೆ ಫೋಕಸ್ ಕೂರುತ್ತಿದ್ದರೆ ಹೂವಿನ ಹಿಂದೆ ಅಂಗೈಯನ್ನು ಹಿಡಿದು, ಫೋಕಸ್ ನಿಂತ ಮೇಲೆ ಕೈ ತೆಗೆದರಾಯಿತು. ಬಿಳಿ ಹೂಗಳಿಗೆ ಬೆಳಕಿನ ಪ್ರಮಾಣವನ್ನು ಸ್ವಲ್ಪ ತಗ್ಗಿಸದಿದ್ದರೆ ಎಸಳಿನ ನರಗಳೆಲ್ಲ ಅಳಿಸಿಹೋಗುತ್ತವೆ. ಮೋಡ ಕವಿದ ಬೆಳಗನ್ನು ನಾನು ಬಹಳ ಇಷ್ಟಪಡುತ್ತೇನೆ: ಬೆಳಕು ಎಲ್ಲ ಕಡೆಯಿಂದ ಸಮನಾಗಿ ಬೀಳುವುದರಿಂದ ನೆರಳು ಗಡುಸಾಗುವುದಿಲ್ಲ, ಎಲೆಯ ಹೊಳಪು ಬಣ್ಣವನ್ನು ಮರೆಮಾಚುವುದಿಲ್ಲ.

ಉದ್ಯಾನದ ಒಳಗೆ ಸೈಕಲ್ ಓಡಿಸಬಾರದೆಂಬ ನಿಯಮ ಹಲವು ಕಡೆ ಇರುತ್ತದೆ, ಅದು ಸರಿಯೂ ಹೌದು. ಗೇಟಿನ ಬಳಿ ಬೀಗ ಹಾಕಿ ನಿಲ್ಲಿಸಬೇಕು. ಕ್ಯಾಮೆರಾವನ್ನು ಹ್ಯಾಂಡಲ್‌ಗೆ ನೇತುಹಾಕದೆ ಬೆನ್ನಚೀಲದಲ್ಲಿ ಇಟ್ಟುಕೊಂಡರೆ ರಸ್ತೆಯ ಕುಲುಕಾಟ ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ.

ಎರಡು ಉದ್ಯಾನಗಳ ನಡುವಿನ ದಾರಿಯನ್ನು ನಾನು ಉದ್ಯಾನಗಳಿಗಿಂತ ಕಡಿಮೆ ಎಂದು ಎಣಿಸುವುದಿಲ್ಲ. ಹಳೆಯ ಗೋಡೆಯ ಬಿರುಕಿನಲ್ಲಿ ಹಕ್ಕಿಯ ಹಿಕ್ಕೆಯಿಂದ ಬಿದ್ದ ಬೀಜ ಮೊಳೆತು ಅರಳಿಯ ಸಸಿ ನಿಂತಿರುತ್ತದೆ, ಚರಂಡಿಯಂಚಿನ ತೇವದಲ್ಲಿ ಪುಲ್ಲಂಪುರಚಿ ಹರಡಿಕೊಂಡಿರುತ್ತದೆ. ಒಣ ಮಣ್ಣಿನ ಬದಿಗಳಲ್ಲಿ ನೆಗ್ಗಿಲು ಇದ್ದೇ ಇರುತ್ತದೆ. ಸೈಕಲ್ ಸವಾರರು ಇದನ್ನು ವಿಶೇಷವಾಗಿ ಬಲ್ಲವರಾಗಿರಬೇಕು. ಹಳದಿ ಹೂವಿನ, ನೆಲದ ಮೇಲೆ ಹಬ್ಬುವ ಈ ಗಿಡದ ಕಾಯಿ ಒಣಗಿದಾಗ ಐದು ಹೋಳುಗಳಾಗಿ ಒಡೆಯುತ್ತದೆ. ಪ್ರತಿ ಹೋಳಿಗೂ ಗಟ್ಟಿಯಾದ ಮುಳ್ಳುಗಳಿದ್ದು, ಹೋಳು ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೆ ಚಾಚಿಕೊಳ್ಳುತ್ತದೆ. ಟೈರ್ ಪಂಕ್ಚರ್ ಆಗುವುದು ನಮಗೆ ತೊಂದರೆ, ಗಿಡಕ್ಕೆ ಮಾತ್ರ ಅದು ಪ್ರಯಾಣ. ಟೈರಿಗೆ ಚುಚ್ಚಿಕೊಂಡ ಹೋಳಿನೊಳಗೆ ಬೀಜಗಳಿರುತ್ತವೆ, ಅವು ಮುಂದಿನ ಉದ್ಯಾನದ ಗೇಟಿನಲ್ಲಿ ಉದುರಬಹುದು. ಆದ್ದರಿಂದ ಒಂದು ಉದ್ಯಾನವನ್ನು ಬಿಟ್ಟು ಹೊರಡುವ ಮುನ್ನ ಟೈರುಗಳನ್ನೂ ಪಾದರಕ್ಷೆಯ ಅಡಿಯನ್ನೂ ಬಟ್ಟೆಗೆ ಅಂಟಿದ ಬೀಜಗಳನ್ನೂ ನೋಡಿ ಅಲ್ಲೇ ತೆಗೆದುಹಾಕುತ್ತೇನೆ. ಗಿಡಗಳನ್ನು ಪ್ರೀತಿಸಿ ಅಲೆಯುವವರೇ ಕಳೆಗಳನ್ನು ಊರೆಲ್ಲ ಹಂಚಬಾರದು.

ತೆಗೆದ ಚಿತ್ರಗಳನ್ನು ದಿನಾಂಕ ಮತ್ತು ಸ್ಥಳದೊಂದಿಗೆ, ಜನರು ತಾವು ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಎಂಬ ಜಾಲತಾಣದಲ್ಲಿ ಸೇರಿಸುತ್ತೇನೆ. 2008ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಸ್ನಾತಕೋತ್ತರ ಯೋಜನೆಯಾಗಿ ಆರಂಭವಾದ ಈ ತಾಣದಲ್ಲಿ, ಗುರುತಿಸುವವರ ಪೈಕಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಮಂದಿ ಜಾತಿಯ ಹೆಸರನ್ನು ಒಪ್ಪಿದಾಗ ದಾಖಲೆಗೆ ಸಂಶೋಧನಾ ದರ್ಜೆ ದೊರೆಯುತ್ತದೆ. ನೆಟ್ಟು ಬೆಳೆಸಿದ ಗಿಡವನ್ನು ಹಾಗೆಂದು ಗುರುತು ಮಾಡಬೇಕು, ಮತ್ತು ಅಂಥ ದಾಖಲೆ ಸಾಮಾನ್ಯವಾಗಿ ಆ ದರ್ಜೆಗೆ ಏರುವುದಿಲ್ಲ. ಉದ್ಯಾನಗಳಲ್ಲಿ ಓಡಾಡುವವರು ಈ ನಿಯಮವನ್ನು ತಪ್ಪದೆ ಪಾಲಿಸಬೇಕೆಂಬುದು ನನ್ನ ಕಳಕಳಿಯ ಮಾತು. ಸಾಲಾಗಿ ನೆಟ್ಟ ಗುಲಾಬಿಯನ್ನು ತಾನಾಗಿ ಬೆಳೆದದ್ದೆಂದು ದಾಖಲಿಸಿದರೆ, ಯಾವ ಜಾತಿ ಎಲ್ಲಿ ತಾನಾಗಿ ಹರಡುತ್ತಿದೆ ಎಂದು ತಿಳಿಯಲು ಬಯಸುವವರಿಗೆ ಅದು ದಾರಿ ತಪ್ಪಿಸುತ್ತದೆ.

ಹಾಗೆಂದು ನೆಟ್ಟ ಗಿಡಗಳನ್ನು ನಾನು ಕಡೆಗಣಿಸುವವನಲ್ಲ. ಉದ್ಯಾನದ ಬೇಲಿಯ ಮೇಲೆ ಬಣ್ಣದ ರಾಶಿಯಂತೆ ಕಾಣುವ ಬೋಗನ್‌ವಿಲ್ಲಾದಲ್ಲಿ ಆ ಬಣ್ಣವೆಲ್ಲ ಹೂವಿನದಲ್ಲ, ಹೂವನ್ನು ಸುತ್ತುವರಿದ ಎಲೆಗಳದು. ಮೂರು ಬಣ್ಣದ ಎಲೆಗಳ ನಡುವೆ ಮೂರು ತೆಳು ಕೊಳವೆಗಳು ನಿಂತಿರುತ್ತವೆ, ಪ್ರತಿ ಕೊಳವೆಯೂ ಒಂದೊಂದು ಎಲೆಯ ನಡುನರಕ್ಕೆ ಅಂಟಿಕೊಂಡಿರುತ್ತದೆ. ನಿಜವಾದ ಹೂಗಳು ಅವು.

ಸುತ್ತಾಟದ ಹೊತ್ತೂ ಮುಖ್ಯ. ಕನ್ನೆ ಸೊಪ್ಪಿನ ನೀಲಿ ಹೂ ಬೆಳಿಗ್ಗೆ ಅರಳಿ ಮಧ್ಯಾಹ್ನದ ವೇಳೆಗೆ ಮುದುಡುತ್ತದೆಯಾದ್ದರಿಂದ ಅದು ಬೆಳೆದಿರುವ ಉದ್ಯಾನವನ್ನು ನಾನು ಮೊದಲೇ ಮುಗಿಸುತ್ತೇನೆ. ಅದೇ ಗಿಡ ಮಣ್ಣಿನೊಳಗೂ ಎಂದೂ ತೆರೆಯದ ಹೂಗಳನ್ನು ಬಿಟ್ಟು ಅಲ್ಲೇ ಬೀಜ ಕಟ್ಟುತ್ತದೆ. ಅವುಗಳನ್ನು ನೋಡಲು ಗಿಡವನ್ನು ಕೀಳಬೇಕಾಗುವುದರಿಂದ ಆ ಚಿತ್ರದ ಆಸೆಯನ್ನು ಬಿಟ್ಟಿದ್ದೇನೆ. ಪುಲ್ಲಂಪುರಚಿ ಸಂಜೆಯಾಗುತ್ತಲೇ ತನ್ನ ಮೂರು ಕಿರುಎಲೆಗಳನ್ನು ಕೆಳಕ್ಕೆ ಮಡಚಿಕೊಳ್ಳುತ್ತದೆ, ಹಗಲು ಮತ್ತು ಸಂಜೆಯ ಎರಡು ಚಿತ್ರಗಳಿದ್ದರೆ ಅದರ ದಾಖಲೆ ಸಂಪೂರ್ಣವಾಗುತ್ತದೆ.

ಸಂಜೆ ಮಲ್ಲಿಗೆಗಾಗಿ ಅದೇ ದಾರಿಯನ್ನು ಕೆಲವೊಮ್ಮೆ ಹಿಮ್ಮುಖವಾಗಿ ಸಂಜೆ ಸುತ್ತುತ್ತೇನೆ. ಆ ಹೂ ಅರಳುವ ಹೊತ್ತಿಗೆ ಬೆಳಕು ಕಡಿಮೆಯಾಗಿರುವುದರಿಂದ ಮೊಣಕೈಯನ್ನು ಮಂಡಿಗೆ ಊರಿಕೊಂಡು ಚಿತ್ರ ತೆಗೆಯಬೇಕಾಗುತ್ತದೆ. ಹೂವನ್ನು ಪಕ್ಕದಿಂದ ತೆಗೆದರೆ ಉದ್ದನೆಯ ಕೊಳವೆ ಸ್ಪಷ್ಟವಾಗಿ ಕಾಣುತ್ತದೆ. ಬೆಳಿಗ್ಗೆ ಬೇರೊಂದು ಉದ್ಯಾನದಲ್ಲಿ ತೆಗೆದ ಬೋಗನ್‌ವಿಲ್ಲಾದ ಕಿರುಹೂವಿನ ಚಿತ್ರವನ್ನು ಇದರ ಪಕ್ಕದಲ್ಲಿಟ್ಟು ದೊಡ್ಡದು ಮಾಡಿ ನೋಡಿದರೆ ಎರಡರ ಬಂಧುತ್ವ ತಿಳಿಯುತ್ತದೆ. ಎರಡೂ ನಿಕ್ಟಾಜಿನೇಸಿ ಕುಟುಂಬದವು, ಎರಡರಲ್ಲೂ ನಿಜವಾದ ಎಸಳುಗಳಿಲ್ಲ, ಎರಡರಲ್ಲೂ ಕೊಳವೆಯಾಗಿ ರೂಪುಗೊಂಡಿರುವುದು ಪುಷ್ಪಪಾತ್ರೆ. ಸಂಜೆ ಮಲ್ಲಿಗೆಯಲ್ಲಿ ಕೀಟಗಳನ್ನು ಕರೆಯುವ ಬಣ್ಣವನ್ನು ಆ ಪಾತ್ರೆಯೇ ಹೊತ್ತುಕೊಂಡಿದೆ, ಬೋಗನ್‌ವಿಲ್ಲಾದಲ್ಲಿ ಅದು ಸುತ್ತಲಿನ ಎಲೆಗಳ ಪಾಲಿಗೆ ಬಂದಿದೆ.