ಆ ಲಕ್ಷ್ಮಮ್ಮ, ಈ ಲಕ್ಷ್ಮಮ್ಮ

"ನಾನು ಆ ಲಕ್ಷ್ಮಮ್ಮ ಅಲ್ಲ ಕಣಪ್ಪ, ಈ ಲಕ್ಷ್ಮಮ್ಮ."

ಸೋಮವಾರ ಕೇಳಿದ ಮಾತು, ಶನಿವಾರವಾದರೂ ಕಿವಿ ಬಿಟ್ಟು ಹೋಗಿಲ್ಲ. ಹೇಳುವಾಗ ಅವರು ಕೌಂಟರಿನ ಮೇಲೆ ಪಾಸ್‌ಬುಕ್ಕನ್ನು ಬೆರಳಲ್ಲಿ ತಟ್ಟುತ್ತಿದ್ದರು. ಪಕ್ಕದಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಮೂರು ರಸೀದಿ. ಕಂಡಕಂಡವರಿಗೆಲ್ಲ ಬಿಚ್ಚಿ ತೋರಿಸಿ ಮಡಿಕೆಯ ಹತ್ತಿರ ಹರಿಯತೊಡಗಿದ್ದವು. (ಹೆಸರು ನಾನಿಟ್ಟದ್ದು. ನಿಜವಾದ ಹೆಸರೂ ಇಷ್ಟೇ ಸಾಮಾನ್ಯ.)

ಒಂದೊಂದು ಕಂತು 2,500 ರೂಪಾಯಿಯಂತೆ ಮೂರು ಕಂತು ಕಟ್ಟಿದ್ದಾರೆ. ದುಡ್ಡು ಜಮೆಯಾದದ್ದು ಬೇರೆ ಊರಿನ ಬೇರೆ ಲಕ್ಷ್ಮಮ್ಮನ ಸಾಲಕ್ಕೆ. ಇವರ ಮನೆಗೆ ಸುಸ್ತಿ ನೋಟಿಸು. ಆ ಸಹಕಾರ ಸಂಘದ ಕಂತು ಕಟ್ಟಿಸಿಕೊಳ್ಳುವ ಪರದೆಯನ್ನು ಬರೆದವನು ನಾನು.

ಮೊದಲು ಅಲ್ಲಿ ಸದಸ್ಯರನ್ನು ಆರಿಸಲು ಡ್ರಾಪ್‌ಡೌನ್, ಅಂದರೆ ಒತ್ತಿದರೆ ಇಳಿದುಬರುವ ಪಟ್ಟಿ ಇತ್ತು. ಸದಸ್ಯರು ಮೂರು ಸಾವಿರ ದಾಟಿದ ಮೇಲೆ ಪಟ್ಟಿ ಸರಿಸಿ ಸರಿಸಿ ಬೆರಳು ನೋಯುತ್ತದೆ ಎಂದರು, ಬರೆಯುತ್ತ ಹೋದಂತೆ ಹೊಂದುವ ಹೆಸರುಗಳನ್ನು ತೋರಿಸುವ ಆಟೋಕಂಪ್ಲೀಟ್ ಹಾಕಿದೆ. ನಾನು ಬಳಸಿದ ವಿಕೆಟ್ ಎಂಬ ಜಾವಾ ಫ್ರೇಮ್‌ವರ್ಕಿನ (ವೆಬ್ ಪುಟ ಕಟ್ಟುವ ಸಿದ್ಧ ಚೌಕಟ್ಟು) ಡ್ರಾಪ್‌ಡೌನ್‌ನಲ್ಲಿ ಪ್ರತಿ ಆಯ್ಕೆಗೂ ಕಾಣುವ ಹೆಸರು ಒಂದು, ಒಳಗೊಂದು ಐಡಿ. ಬ್ರೌಸರಿನಿಂದ ವಾಪಸು ಬರುವುದು ಆ ಐಡಿ. ಆಟೋಕಂಪ್ಲೀಟ್ ಟೆಕ್ಸ್ಟ್‌ಫೀಲ್ಡ್ ಹಾಗಲ್ಲ, ಅದು ಕೊನೆಗೂ ಒಂದು ಪಠ್ಯದ ಪೆಟ್ಟಿಗೆ. ಜಾವಾ ಕೋಡಿನಲ್ಲಿ 'ಸದಸ್ಯ' ಎಂಬ ಕ್ಲಾಸಿನ (ದಾಖಲೆಯ ಅಚ್ಚಿನ) ಹೆಸರನ್ನು ಕೋನದ ಬ್ರಾಕೆಟ್ಟಿನಲ್ಲಿ ಬರೆದಾಗ ಸದಸ್ಯನೇ ವಾಪಸು ಬರುತ್ತಾನೆ ಅನಿಸುತ್ತದೆ. ಬರುವುದು ಬರೀ ಅಕ್ಷರ. ಅದರಿಂದ ಮತ್ತೆ ಸದಸ್ಯನ ದಾಖಲೆಯನ್ನು (ಆಬ್ಜೆಕ್ಟ್) ಮಾಡುವ ಕೆಲಸ ಕನ್ವರ್ಟರ್ ಎಂಬ ಕೋಡಿನ ತುಣುಕಿನದು. ನನ್ನ ಕನ್ವರ್ಟರ್ ಹೆಸರು ಹಿಡಿದು ಹುಡುಕಿ, ಸಿಕ್ಕವರಲ್ಲಿ ಮೊದಲನೆಯವರನ್ನು ಎತ್ತಿಕೊಡುತ್ತಿತ್ತು.

ಕೌಂಟರಿನ ಹುಡುಗಿ ತಪ್ಪು ಮಾಡಿರಲಿಲ್ಲ. ಇಳಿದುಬಂದ ಪಟ್ಟಿಯಲ್ಲಿ ಹೆಸರಿನ ಪಕ್ಕ ಊರೂ ಕಾಣುತ್ತಿತ್ತು, ಸರಿಯಾದ ಊರಿನ ಲಕ್ಷ್ಮಮ್ಮನನ್ನೇ ಅವಳು ಒತ್ತಿದ್ದಳು. ಒತ್ತಿದ ಕೂಡಲೇ ಊರು ಉದುರಿಹೋಗಿ ಪೆಟ್ಟಿಗೆಯಲ್ಲಿ ಉಳಿದದ್ದು 'ಲಕ್ಷ್ಮಮ್ಮ' ಮಾತ್ರ. ನನ್ನ ಸಹೋದ್ಯೋಗಿಯೊಬ್ಬ ಫೋನಿನಲ್ಲಿ "ಯೂಸರ್ ಎರರ್ ಅಂತ ಬರೆದು ಮುಗಿಸು" ಅಂದ. ಬುದ್ಧಿವಂತ, ಆದರೆ ಆ ಮಾತಿಗೆ ಅವನ ಮೇಲಿದ್ದ ಗೌರವ ಸ್ವಲ್ಪ ಕಡಿಮೆಯಾಯಿತು. ಕಾರ್ಯದರ್ಶಿಯವರೂ "ಸಿಸ್ಟಮ್ಮಲ್ಲಿ ಬಂದಿಲ್ಲಮ್ಮ" ಎಂದು ಆಕೆಯನ್ನು ಎರಡು ಸಲ ವಾಪಸು ಕಳಿಸಿದ್ದರು. ಕೈಯಲ್ಲಿದ್ದದ್ದು ಅವರದೇ ಸಂಘದ ರಸೀದಿ! ನಾನು ಈಸಿಕೊಂಡು ನೋಡಿದೆ. ಹೆಸರು ದಪ್ಪಕ್ಷರದಲ್ಲಿ, ಸರಿಯಾಗಿಯೇ ಇದೆ. ಅದರ ಕೆಳಗೆ ಇರುವೆ ಸಾಲಿನಷ್ಟು ಚಿಕ್ಕದಾಗಿ ಸದಸ್ಯ ಸಂಖ್ಯೆ. ಅದು ಇವರದಲ್ಲ. ಮೂರರಲ್ಲೂ ಅಲ್ಲ.

"ನಾನು ಆ ಲಕ್ಷ್ಮಮ್ಮ ಅಲ್ಲ ಕಣಪ್ಪ." ಈ ಒಂದು ವಾಕ್ಯ ನನ್ನ ಕೋಡಿನಲ್ಲಿ ಎಲ್ಲೂ ಇರಲಿಲ್ಲ. ಊರಿನಲ್ಲಿ ಮಾತ್ರ ಯಾವತ್ತೂ ಇತ್ತು. ನಮ್ಮ ಅಜ್ಜಿಯ ಬೀದಿಯಲ್ಲಿ ಕೆರೆ ಹಿಂದಿನ ಲಕ್ಷ್ಮಮ್ಮ, ಅಂಗಡಿ ಲಕ್ಷ್ಮಮ್ಮ, ಮೇಷ್ಟ್ರ ಮನೆ ಲಕ್ಷ್ಮಮ್ಮ ಅಂತ ಮೂವರಿದ್ದರು. ಒಬ್ಬರಿಗೆ ಕೊಡಬೇಕಾದ ಬಾಗಿನ ಇನ್ನೊಬ್ಬರ ಮನೆಗೆ ಹೋದದ್ದು ನನಗೆ ನೆನಪಿಲ್ಲ. ಅಜ್ಜಿಗೆ ಹೆಸರು ಬರೀ ಕೂಗುವುದಕ್ಕೆ. ಮನುಷ್ಯರನ್ನು ಗುರುತು ಹಿಡಿಯುತ್ತಿದ್ದುದು ಮನೆಯಿಂದ, ಮಕ್ಕಳಿಂದ, ನಡಿಗೆಯಿಂದ.

ಹೆಸರು ನೆಚ್ಚಬಾರದು ಅನ್ನುವುದಕ್ಕೆ ಕನ್ನಡದಲ್ಲಿ ಇನ್ನೊಂದು ಕಾರಣವೂ ಉಂಟು. ಮಂಗಳವಾರ ಹುಡುಕುವಾಗ ಸಿಕ್ಕಿತು. 'ಹೊನ್ನಮ್ಮ' ಎಂದು ಟೈಪ್ ಮಾಡಿದರೆ, ದಾಖಲೆಯಲ್ಲಿರುವ ಹೊನ್ನಮ್ಮ ಪಟ್ಟಿಗೇ ಬರುತ್ತಿರಲಿಲ್ಲ. ಯಂತ್ರಕ್ಕಾಗಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡಿನಲ್ಲಿ ಒ-ಕಾರದ ಚಿಹ್ನೆಗೆ ಒಂದೇ ಸಂಕೇತವೂ ಇದೆ, ಎ-ಕಾರ ಊ-ಕಾರಗಳ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಜೋಡಿಸಿ ಬರೆದದ್ದನ್ನು ಒಂದೇ ಸಂಕೇತ ಮಾಡುವ ಎನ್‌ಎಫ್‌ಸಿ ಎಂಬ ರೂಪಕ್ಕೆ ಎರಡನ್ನೂ ತಂದು ಹೋಲಿಸಿದ ಮೇಲೆ ಹೊನ್ನಮ್ಮ ಕಾಣಿಸಿಕೊಂಡರು.

ಬುಧವಾರ ರಾತ್ರಿ ಪರದೆ ತಿದ್ದಿದೆ. ಪೆಟ್ಟಿಗೆಯ ಪಕ್ಕ ಕಣ್ಣಿಗೆ ಕಾಣದ ಇನ್ನೊಂದು ಫೀಲ್ಡ್, ಪಟ್ಟಿಯಿಂದ ಆರಿಸಿದಾಗ ಸದಸ್ಯ ಸಂಖ್ಯೆ ಅಲ್ಲಿಗೆ ಹೋಗುತ್ತದೆ. ಆರಿಸಿದ ಮೇಲೆ ಒಂದಕ್ಷರ ಅಳಿಸಿದರೂ ಸಂಖ್ಯೆ ಖಾಲಿಯಾಗಬೇಕು. ಇದನ್ನು ಮರೆತರೆ ಹೆಸರು ಹೊನ್ನಮ್ಮ, ಸಂಖ್ಯೆ ಲಕ್ಷ್ಮಮ್ಮನದು ಆಗಿ ಮೊದಲಿಗಿಂತ ದೊಡ್ಡ ಅನಾಹುತ. ಸರ್ವರಿನಲ್ಲಿ ಸಂಖ್ಯೆಯಿಂದಲೇ ಸದಸ್ಯರನ್ನು ತೆಗೆದು, ಹೆಸರು ತಾಳೆಯಾಗದಿದ್ದರೆ ಕಂತು ಜಮೆಯಾಗುವುದಿಲ್ಲ. ಕೈಯಾರೆ ಹೆಸರು ಬರೆದು ಪಟ್ಟಿಯಿಂದ ಆರಿಸದೇ ಬಿಟ್ಟರೂ ಇಲ್ಲ. ಪೆಟ್ಟಿಗೆಯಲ್ಲಿ ಈಗ ಹೆಸರು, ಗಂಡ ಅಥವಾ ತಂದೆಯ ಹೆಸರು, ಊರು ಮೂರೂ ಉಳಿಯುತ್ತವೆ. ರಸೀದಿಯಲ್ಲಿ ಸದಸ್ಯ ಸಂಖ್ಯೆಯೂ ದಪ್ಪಕ್ಷರಕ್ಕೆ ಬಂತು.

ಗುರುವಾರ ಇವರ 7,500 ರೂಪಾಯಿ ಇವರ ಖಾತೆಗೆ ಬಂತು, ನೋಟಿಸು ರದ್ದಾಯಿತು. ಫೋನ್ ಮಾಡಿದಾಗ "ಆಯ್ತು ಬಿಡಪ್ಪ" ಎಂದು ಸುಮ್ಮನಾದವರು, ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಹಂಗಾದ್ರೆ ಆ ಲಕ್ಷ್ಮಮ್ಮಂಗೆ ಯಾರು ಹೇಳ್ತೀರಿ?"

ಆಕೆಯ ಬಾಕಿ ಈಗ ಪುಸ್ತಕದಲ್ಲಿ 7,500 ರೂಪಾಯಿ ಏರಿದೆ. ಕಂತು ಕಡಿಮೆಯಾಯಿತೆಂದು ನಂಬಿ ಮನೆಯಲ್ಲಿ ಏನು ಲೆಕ್ಕ ಹಾಕಿಕೊಂಡಿದ್ದಾರೋ. ಕಾರ್ಯದರ್ಶಿ ಎಸ್‌ಎಂಎಸ್ ಕಳಿಸೋಣ ಎಂದರು, ಬೇಡ ಎಂದೆ. ಸೋಮವಾರ ಬೆಳಿಗ್ಗೆ ಬಸ್ಸಿಗೆ ಆ ಊರಿಗೆ ಹೋಗುತ್ತಿದ್ದೇನೆ, ಕೌಂಟರಿನ ಹುಡುಗಿಯೂ ಬರುತ್ತಾಳೆ. ಊರಿನಲ್ಲಿಳಿದು ಯಾವ ಲಕ್ಷ್ಮಮ್ಮ ಎಂದು ಕೇಳಬೇಕೋ, ಗುರುತು ಬರೆಸಿಕೊಂಡಿದ್ದೇನೆ.